ಅಂಕಣವಿಲ್ಲದ ಶಾಲೆ, ಇಪ್ಪತ್ತೆಂಟು ಪ್ರಶಸ್ತಿ



ಪಿ.ಟಿ. ಮೇಷ್ಟ್ರೊಬ್ಬರ ನೆನಪಿನಲ್ಲಿ ನಡೆಯುವ ಉಪನ್ಯಾಸ ಇದು. ಶಾಲೆ ಮತ್ತು ಆಟ ಎರಡೂ ಕೂಡಿಬರುವ ಯಾವ ವಿಷಯವಾದರೂ ಆದೀತು ಎಂದು ಸಂಚಾಲಕರು ಹೇಳಿದ್ದರು. ತಾಲ್ಲೂಕು ಮಟ್ಟದ ಕಬಡ್ಡಿಯನ್ನೋ ದಸರಾ ಕ್ರೀಡಾಕೂಟವನ್ನೋ ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ನನ್ನನ್ನು ಮನ್ನಿಸಬೇಕು. ನಾನು ಹೇಳಹೊರಟಿರುವುದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿದ್ದ ಒಂದು ಕ್ಯಾಥೊಲಿಕ್ ಹೈಸ್ಕೂಲಿನ ಕಥೆ. ಅದರ ಹೆಸರು ಸೇಂಟ್ ಆಂಥನಿ. 1952ರಲ್ಲಿ ಶುರುವಾಯಿತು, 2017ರ ಜೂನ್‌ನಲ್ಲಿ ಬಾಗಿಲು ಹಾಕಿತು. ಕೊನೆಯ 45 ವರ್ಷ ಅಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸಿದವರು ಬಾಬ್ ಹರ್ಲಿ. ಅವರ ಕೈಕೆಳಗೆ ತಂಡ 28 ಸಲ ರಾಜ್ಯ ಪ್ರಶಸ್ತಿ ಗೆದ್ದಿತು. 1989, 1996, 2008 ಮತ್ತು 2011ರಲ್ಲಿ ಇಡೀ ಅಮೆರಿಕದ ಹೈಸ್ಕೂಲು ತಂಡಗಳಲ್ಲಿ ಮೊದಲನೆಯದೆಂದು ಯುಎಸ್‌ಎ ಟುಡೇ ಪತ್ರಿಕೆ ಅದನ್ನು ಎಣಿಸಿತು. 2016ರಲ್ಲಿ ಒಂದೇ ಒಂದು ಪಂದ್ಯವನ್ನೂ ಸೋಲದೆ ಋತು ಮುಗಿಸಿದ ತಂಡದ ಶಾಲೆ ಮರುವರ್ಷವೇ ಇಲ್ಲವಾಯಿತು.

ಇಷ್ಟು ಗೆದ್ದ ಶಾಲೆ ಮುಚ್ಚಿದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಕ್ರೀಡಾ ಪತ್ರಕರ್ತರು ಈ ಪ್ರಶ್ನೆಯನ್ನು ಕಣ್ಣೀರು ಬರುವಂತೆ ಬರೆದಿದ್ದಾರೆ. ನನ್ನ ಕುತೂಹಲ ಬೇರೆ. ಇಷ್ಟು ವರ್ಷ ಆ ಶಾಲೆ ತೆರೆದಿದ್ದದ್ದಾದರೂ ಹೇಗೆ? ಅದರ ಲೆಕ್ಕ ಯಾರು ತೀರಿಸುತ್ತಿದ್ದರು? ಇದಕ್ಕೆ ಉತ್ತರ ಸಿಕ್ಕರೆ ಮೊದಲನೆಯ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಜೆರ್ಸಿ ಸಿಟಿ ಈ ಸಭೆಯಲ್ಲಿರುವ ಕೆಲವರಿಗೆ ಮಗನೋ ಮಗಳೋ ಇರುವ ಊರು. ಹಡ್ಸನ್ ನದಿಯ ಈಚೆ ದಡದಲ್ಲಿ ಅದು, ಆಚೆ ದಡದಲ್ಲಿ ಮ್ಯಾನ್‌ಹ್ಯಾಟನ್. ಅಲ್ಲಿನ ನ್ಯೂವಾರ್ಕ್ ಅವೆನ್ಯೂದ ಒಂದು ತುದಿಯಲ್ಲಿ ಇಂಡಿಯಾ ಸ್ಕ್ವೇರ್ ಇದೆ: ದೋಸೆ ಹೋಟೆಲು, ಸೀರೆ ಅಂಗಡಿ, ಚಿನ್ನದ ಅಂಗಡಿ. ಹೋದವರೆಲ್ಲ ಅಲ್ಲಿ ಒಂದು ಫೋಟೊ ತೆಗೆಸಿಕೊಂಡಿರುತ್ತಾರೆ. ಅದೇ ರಸ್ತೆ ಹಿಡಿದು ನದಿಯ ಕಡೆಗೆ ಇಳಿದರೆ ಇನ್ನೊಂದು ಕಾಲದ ಊರು ಎದುರಾಗುತ್ತದೆ. ಎಲ್ಲಿಸ್ ಐಲೆಂಡಿನಲ್ಲಿ ಇಳಿದ ವಲಸೆಗಾರರಲ್ಲಿ ದೊಡ್ಡ ಪಾಲು ರೈಲು ಹತ್ತಿದ್ದು ಜೆರ್ಸಿ ಸಿಟಿಯ ದಡದಲ್ಲೇ. ಹತ್ತದೆ ಅಲ್ಲೇ ಉಳಿದವರೂ ಬಹಳ ಮಂದಿ. ಐರಿಷರು, ಇಟಲಿಯವರು, ಪೋಲೆಂಡಿನವರು ರೈಲ್ವೆ ಯಾರ್ಡು, ಬಂದರು, ಕೋಲ್ಗೇಟ್ ಸೋಪಿನ ಕಾರ್ಖಾನೆ, ಡಿಕ್ಸನ್ ಪೆನ್ಸಿಲ್ ಕಾರ್ಖಾನೆಗಳಲ್ಲಿ ಕೆಲಸ ಹಿಡಿದರು. ಒಂದೊಂದು ಭಾಷೆಯವರೂ ತಮ್ಮದೇ ಚರ್ಚು ಕಟ್ಟಿಕೊಂಡರು, ಪಕ್ಕದಲ್ಲಿ ತಮ್ಮದೇ ಶಾಲೆ ತೆರೆದರು. ಪಡುವಾದ ಸಂತ ಅಂತೋಣಿಯವರ ಹೆಸರಿನ ಚರ್ಚು ಪೋಲಿಷರದು.

ಶಾಲೆಯನ್ನು ಚರ್ಚಿನ ಪಕ್ಕದಲ್ಲೇ ಕಟ್ಟಿದ್ದಕ್ಕೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸಾರ್ವಜನಿಕ ಶಾಲೆಯೆಂದರೆ ಹೆಸರಿಗೆ ಎಲ್ಲರದು. ಓದಿಸುತ್ತಿದ್ದದ್ದು ಮಾತ್ರ ಪ್ರೊಟೆಸ್ಟಂಟರ ಬೈಬಲ್. ನಮ್ಮ ಮಕ್ಕಳಿಗೆ ನಮ್ಮ ಬೈಬಲ್ ಇರಲಿ ಎಂದು ಕ್ಯಾಥೊಲಿಕರು ಕೇಳಿದ್ದು ಫಿಲಡೆಲ್ಫಿಯಾದಲ್ಲಿ 1844ರ ದೊಂಬಿಗೆ ಒಂದು ಕಾರಣವಾಯಿತು. ಚರ್ಚುಗಳು ಸುಟ್ಟುಹೋದವು, ಜನ ಸತ್ತರು. 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಬಿಷಪ್ಪರ ಸಭೆ, ಪ್ರತಿ ಧರ್ಮಕೇಂದ್ರವೂ ಎರಡು ವರ್ಷದೊಳಗೆ ಒಂದು ಶಾಲೆ ಕಟ್ಟಬೇಕೆಂದು ವಿಧಿಸಿತು. ಎಲ್ಲರೂ ಕಟ್ಟಲಿಲ್ಲ, ಆದರೂ ಕಟ್ಟಿದವರ ಸಂಖ್ಯೆ ಸಣ್ಣದಲ್ಲ. 1965ರ ಹೊತ್ತಿಗೆ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ ಸುಮಾರು 52 ಲಕ್ಷ ಮಕ್ಕಳಿದ್ದರು.

ಐವತ್ತೆರಡು ಲಕ್ಷ ಮಕ್ಕಳಿಗೆ ಪಾಠ ಹೇಳಿದವರು ಯಾರು? ಬಹುಪಾಲು ಧರ್ಮಭಗಿನಿಯರು. ಅದೇ 1965ರಲ್ಲಿ ಅಲ್ಲಿ ಸುಮಾರು 1,80,000 ಸಿಸ್ಟರುಗಳಿದ್ದರು. ಅವರಿಗೆ ಸಂಬಳ ಎನ್ನುವಂಥದ್ದು ಇರಲಿಲ್ಲ. ಕಾನ್ವೆಂಟಿಗೆ ಅಂತ ಒಂದಿಷ್ಟು ಕೈಖರ್ಚಿನ ಹಣ, ಇರಲು ಮನೆ, ಅಷ್ಟೆ. ಸೇಂಟ್ ಆಂಥನಿಯಲ್ಲಿ ಇದ್ದದ್ದು ಫೆಲಿಷಿಯನ್ ಸಿಸ್ಟರುಗಳು. 1855ರಲ್ಲಿ ವಾರ್ಸಾದಲ್ಲಿ ಹುಟ್ಟಿದ ಸಂಘ ಅದು. 1874ರಲ್ಲಿ ಅಮೆರಿಕಕ್ಕೆ ಬಂದದ್ದೇ ಪೋಲಿಷ್ ವಲಸೆಗಾರರ ಮಕ್ಕಳಿಗೆ ಕಲಿಸಲು. ಎಂಟನೆಯ ಬೀದಿಯ ಇಟ್ಟಿಗೆ ಕಟ್ಟಡದಲ್ಲಿ, ಹಾಲೆಂಡ್ ಸುರಂಗದ ಬಾಯಿಗೆ ಹತ್ತಿರ, ಅವರು ಹೈಸ್ಕೂಲು ನಡೆಸಿದರು. ಕಾರ್ಖಾನೆ ಕೆಲಸದವರು ಕೊಡಬಲ್ಲಷ್ಟು ಫೀಸಿನಲ್ಲಿ ಶಾಲೆ ನಡೆಯಿತು. ಉಳಿದ ಭಾರ ಸಿಸ್ಟರುಗಳ ದುಡಿಮೆಯ ಮೇಲೆ. ಜಮಾಖರ್ಚಿನ ಪುಸ್ತಕದಲ್ಲಿ ಈ ಬಾಬತ್ತು ಎಲ್ಲೂ ಬರೆದಿರುವುದಿಲ್ಲ. ಆದರೆ ಶಾಲೆ ನಿಂತಿದ್ದು ಅದರ ಮೇಲೆಯೇ.

ನಮ್ಮಲ್ಲಿ ಕ್ರೈಸ್ತ ಸಂಸ್ಥೆಗಳ ಶಾಲೆಗಳೆಂದರೆ ಕೆಲವು ಹೆಸರು ತಟ್ಟನೆ ನೆನಪಾಗುತ್ತವೆ. ಮಂಗಳೂರಿನಲ್ಲಿ ಇಟಲಿಯ ಜೆಸ್ವಿಟರು 1880ರಲ್ಲಿ ಆರಂಭಿಸಿದ ಸಂತ ಅಲೋಶಿಯಸ್, ಬೆಂಗಳೂರಿನಲ್ಲಿ ರಾಹುಲ್ ದ್ರಾವಿಡ್ ಓದಿದ ಸೇಂಟ್ ಜೋಸೆಫ್ಸ್. ಇಲ್ಲಿನ ಅನುದಾನಿತ ಶಾಲೆಗಳ ಪದ್ಧತಿ ನಿಮಗೆ ಗೊತ್ತಿದೆ: ಆಡಳಿತ ಮಂಡಳಿ ಯಾರದೇ ಇರಲಿ, ಮಂಜೂರಾದ ಹುದ್ದೆಯ ಶಿಕ್ಷಕರಿಗೆ ಸಂಬಳ ಕೊಡುವುದು ಸರ್ಕಾರ. ಅಮೆರಿಕದಲ್ಲಿ ಅದಕ್ಕೆ ಆಸ್ಪದವಿಲ್ಲ. ಸರ್ಕಾರ ಮತ್ತು ಧರ್ಮ ಬೇರೆಬೇರೆ ಇರಬೇಕೆಂಬುದು ಅಲ್ಲಿನ ಸಂವಿಧಾನದ ಮೊದಲನೆಯ ತಿದ್ದುಪಡಿ. ಸ್ವಾರಸ್ಯವೆಂದರೆ ಇದರ ದೊಡ್ಡ ಮೊಕದ್ದಮೆಗಳಲ್ಲಿ ಒಂದು ನ್ಯೂಜೆರ್ಸಿಯದೇ. ಕ್ಯಾಥೊಲಿಕ್ ಶಾಲೆಗೆ ಹೋಗುವ ಮಕ್ಕಳ ಬಸ್ ಚಾರ್ಜನ್ನು ಪೋಷಕರಿಗೆ ಸರ್ಕಾರ ಮರಳಿ ಕೊಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1947ರಲ್ಲಿ ಐದು ನ್ಯಾಯಮೂರ್ತಿಗಳು ಆಗಬಹುದು ಎಂದರು, ನಾಲ್ವರು ಆಗದು ಎಂದರು. ಬಸ್ ಚಾರ್ಜಿಗೇ ಇಷ್ಟು ಜಗ್ಗಾಟವಾದರೆ ಸಂಬಳದ ಗತಿ ಏನು? 1971ರಲ್ಲಿ ಅದೂ ತೀರ್ಮಾನವಾಯಿತು. ಪೆನ್ಸಿಲ್ವೇನಿಯಾ ಮತ್ತು ರೋಡ್ ಐಲೆಂಡ್ ರಾಜ್ಯಗಳು ಧಾರ್ಮಿಕ ಶಾಲೆಗಳ ಶಿಕ್ಷಕರ ಸಂಬಳಕ್ಕೆ ಹಣ ಕೊಡಲು ಮಾಡಿದ್ದ ಕಾನೂನುಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಲೆಮನ್ ವಿರುದ್ಧ ಕರ್ಟ್ಸ್‌ಮನ್ ಎಂಬ ಆ ಮೊಕದ್ದಮೆಯ ಹೆಸರನ್ನು ಅಲ್ಲಿನ ಕಾನೂನು ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುತ್ತಾರೆ.

ಇದು ಎಂಥ ಹೊತ್ತಿನಲ್ಲಿ ಆಯಿತು ನೋಡಿ. ಚರ್ಚಿನ ಸುಧಾರಣೆಗೆಂದು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಾನ್ವೆಂಟು ಸೇರುವವರು ಕಡಿಮೆಯಾಗಿದ್ದರು, ಬಿಟ್ಟು ಹೊರಬರುವವರು ಹೆಚ್ಚಾಗಿದ್ದರು. 1,80,000 ಇದ್ದ ಸಿಸ್ಟರುಗಳು ಸೇಂಟ್ ಆಂಥನಿ ಮುಚ್ಚುವ ಹೊತ್ತಿಗೆ 50,000ಕ್ಕಿಂತ ಕಡಿಮೆ. ಅವರ ಜಾಗಕ್ಕೆ ಬಂದ ಶಿಕ್ಷಕರಿಗೆ ಹೆಂಡತಿ ಮಕ್ಕಳಿದ್ದಾರೆ, ಬಾಡಿಗೆ ಕಟ್ಟಬೇಕು, ಸಂಬಳ ಬೇಕೇ ಬೇಕು. ಸರ್ಕಾರ ಕೊಡುವಂತಿಲ್ಲ. ಫೀಸು ಏರಿಸಲೇಬೇಕು. ಏರಿಸಿದರೆ ಕಾರ್ಖಾನೆ ಕೆಲಸದವನ ಮಗ ಬರುವುದಿಲ್ಲ. ಅಷ್ಟರಲ್ಲಿ ಕಾರ್ಖಾನೆಗಳೂ ಮುಚ್ಚುತ್ತಿದ್ದವು. ಪೋಲಿಷ್ ಕುಟುಂಬಗಳು ಹೊರವಲಯದ ಬಡಾವಣೆಗಳಿಗೆ ಹೋದವು. ಅವರು ಬಿಟ್ಟ ಬೆಂಚುಗಳಲ್ಲಿ ಕಪ್ಪು ಮತ್ತು ಲ್ಯಾಟಿನೊ ಮಕ್ಕಳು ಬಂದು ಕೂತರು. ಎಷ್ಟೋ ಮಕ್ಕಳು ಕ್ಯಾಥೊಲಿಕರೇ ಅಲ್ಲ. ಸಿಸ್ಟರುಗಳು ಅದನ್ನು ಕೇಳಲೂ ಇಲ್ಲ. ಪೋಲೆಂಡಿನಿಂದ ಬಂದವರ ಮಕ್ಕಳಿಗಾಗಿ ಬಂದ ಸಂಘ, ಆ ಮಕ್ಕಳು ಹೊರಟುಹೋದ ಮೇಲೂ ಅದೇ ಬೀದಿಯಲ್ಲಿ ಉಳಿದದ್ದು ಈ ಶಾಲೆಯ ಚರಿತ್ರೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವ ಸಂಗತಿ. ಯಾವ ಟ್ರೋಫಿಯ ಮೇಲೂ ಅದನ್ನು ಕೆತ್ತಿಲ್ಲ.

ಆ ಕಾಲದ ಜೆರ್ಸಿ ಸಿಟಿ ಸುಲಭದ ಊರಾಗಿರಲಿಲ್ಲ. ನಮ್ಮವರಿಗೂ ಅದರ ಅನುಭವವಿದೆ. 1987ರಲ್ಲಿ ಹಣೆಗೆ ಬೊಟ್ಟಿಡುವ ಭಾರತೀಯರನ್ನು ಊರಿಂದ ಓಡಿಸುತ್ತೇವೆಂದು ಬೆದರಿಸಿ ಒಂದು ಗುಂಪು ಪತ್ರಿಕೆಗೆ ಕಾಗದ ಬರೆದಿತ್ತು. ಬರೆದು ಸುಮ್ಮನಿರಲೂ ಇಲ್ಲ, ಬೀದಿಯಲ್ಲಿ ಹಲ್ಲೆಗಳಾದವು. ಬಡವರು ಒಬ್ಬರ ಪಕ್ಕ ಒಬ್ಬರು ಒತ್ತಿಕೊಂಡು ಬದುಕುತ್ತಿದ್ದ, ಕೆಲಸಗಳು ಕೈಬಿಟ್ಟು ಹೋಗುತ್ತಿದ್ದ ಊರು ಅದು.

1972ರಲ್ಲಿ, ಅಂದರೆ ಸಂಬಳದ ತೀರ್ಪು ಬಂದ ಮರುವರ್ಷ, ಬಾಬ್ ಹರ್ಲಿ ಸೇಂಟ್ ಆಂಥನಿಯ ಮುಖ್ಯ ತರಬೇತುದಾರರಾದರು. ಊರಿನವರೇ, ಪೊಲೀಸಿನವರ ಮಗ, ಆಗಿನ್ನೂ ಇಪ್ಪತ್ತೈದರ ಆಸುಪಾಸು. ಹೊಟ್ಟೆಪಾಡಿಗೆ ಅವರು ಮಾಡುತ್ತಿದ್ದದ್ದು ಪ್ರೊಬೇಷನ್ ಅಧಿಕಾರಿಯ ಕೆಲಸ. ಕೋರ್ಟು ಷರತ್ತಿನ ಮೇಲೆ ಬಿಟ್ಟವರು ನೆಟ್ಟಗಿದ್ದಾರೆಯೇ, ಕೆಲಸಕ್ಕೆ ಹೋಗುತ್ತಿದ್ದಾರೆಯೇ, ಮತ್ತೆ ಮಾದಕ ವಸ್ತುವಿಗೆ ಕೈ ಹಾಕಿದ್ದಾರೆಯೇ ಎಂದು ನೋಡಿಕೊಳ್ಳುವುದು. ಹಗಲು ಅಂಥವರ ಜೊತೆ, ಸಂಜೆ ಅದೇ ಬೀದಿಗಳ ಹುಡುಗರ ಜೊತೆ. ಹಗಲಿನ ಕಡತದಲ್ಲಿ ಕಂಡದ್ದು ಸಂಜೆಯ ಹುಡುಗನಿಗೆ ಆಗಬಾರದು ಎಂಬ ಭಯ ಅವರ ಕಟ್ಟುನಿಟ್ಟಿನ ಹಿಂದೆ ಇತ್ತು ಎಂದು ನನಗೆ ಅನ್ನಿಸುತ್ತದೆ. ಅವರು ಕಿರುಚುತ್ತಿದ್ದರು, ಬೈಯುತ್ತಿದ್ದರು. ಅವರ ತಂಡದ ಮೇಲೆ 2010ರಲ್ಲಿ ಬಂದ 'ದ ಸ್ಟ್ರೀಟ್ ಸ್ಟಾಪ್ಸ್ ಹಿಯರ್' ಎಂಬ ಸಾಕ್ಷ್ಯಚಿತ್ರ ನೋಡಿದರೆ ಕಿವಿ ಮುಚ್ಚಿಕೊಳ್ಳುವ ಹಾಗಿದೆ. ಇಂದು ನಮ್ಮ ಯಾವ ಶಾಲೆಯಲ್ಲೂ ಅಂಥ ಭಾಷೆ ನಡೆಯದು, ನಡೆಯಲೂ ಬಾರದು. ಆದರೂ ಅವರ ಕೈಯಲ್ಲಿ ಆಡಿದ ಹುಡುಗರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಾಲೇಜು ಮೆಟ್ಟಿಲು ಹತ್ತಿದರು. ತರಬೇತುದಾರರಾಗಿ ಬನ್ನಿ ಎಂದು ದೊಡ್ಡ ಕಾಲೇಜುಗಳು ಹರ್ಲಿಯವರನ್ನು ಕರೆದವು, ಅವರು ಹೋಗಲಿಲ್ಲ.

ಶಾಲೆಗೆ ಆಟದ ಅಂಕಣವಿರಲಿಲ್ಲ. ಇದನ್ನು ಸ್ವಲ್ಪ ವಿವರಿಸಬೇಕು. ಅಮೆರಿಕದ ಹೈಸ್ಕೂಲು ಎಂದರೆ ಒಳಾಂಗಣ ಕ್ರೀಡಾಂಗಣ ಇರುವುದು ವಾಡಿಕೆ. ಮರದ ನೆಲ, ಎರಡೂ ಬದಿ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ, ಗೋಡೆಯ ಮೇಲೆ ಹಳೆಯ ಪ್ರಶಸ್ತಿಗಳ ಬ್ಯಾನರು. ಸೇಂಟ್ ಆಂಥನಿಯ ತಂಡ ಬಹಳ ವರ್ಷ ಅಭ್ಯಾಸ ಮಾಡಿದ್ದು ನ್ಯೂವಾರ್ಕ್ ಅವೆನ್ಯೂದ ವೈಟ್ ಈಗಲ್ ಹಾಲ್‌ನಲ್ಲಿ. ಪೋಲೆಂಡಿನ ಲಾಂಛನ ಬಿಳಿ ಗರುಡ, ಅದರಿಂದ ಆ ಹೆಸರು. 1910ರಲ್ಲಿ ಪೋಲಿಷ್ ಸಮುದಾಯಕ್ಕೆಂದು ಕಟ್ಟಿದ ಸಭಾಭವನ. ಅಲ್ಲಿ ಬಿಂಗೊ ನಡೆಯುತ್ತಿತ್ತು. ನಮ್ಮ ಕ್ಲಬ್ಬುಗಳಲ್ಲಿ ತಂಬೋಲ ಆಡುತ್ತಾರಲ್ಲ, ಆ ಜಾತಿಯ ಆಟ. ಊರಿನ ಮುದುಕಿಯರು ಬಂದು ಕೂತು ಚೀಟಿ ಕೊಳ್ಳುತ್ತಾರೆ, ಒಂದೊಂದೇ ಅಂಕೆ ಕೂಗುತ್ತಾರೆ, ಉಳಿದ ದುಡ್ಡು ಧರ್ಮಕಾರ್ಯಕ್ಕೆ. ಹೀಗಾಗಿ ಬ್ಯಾಸ್ಕೆಟ್‌ಬಾಲ್ ಹುಡುಗರಿಗೆ ಮೇಜು ಕುರ್ಚಿ ಎತ್ತಿಡುವುದೂ ಅಭ್ಯಾಸದ ಒಂದು ಭಾಗ. ಗೋಡೆ ಗೆರೆಗೆ ತೀರ ಹತ್ತಿರ. ನೆಲ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಕೆಲವು ಕಡೆ ಚೆಂಡು ಬಡಿದರೆ ಏಳುತ್ತಲೇ ಇರಲಿಲ್ಲ. ಪಂದ್ಯಗಳನ್ನು ಊರಿನ ಬೇರೆ ಶಾಲೆಗಳ ಅಂಕಣ ಕೇಳಿ ಪಡೆದು ಆಡುತ್ತಿದ್ದರು. 'ತವರಿನ ಪಂದ್ಯ' ಎನ್ನುವುದು ಅವರಿಗೆ ವೇಳಾಪಟ್ಟಿಯಲ್ಲಿ ಮಾತ್ರ.

ಈ ಬಡತನವನ್ನು ಹಾಡಿಹೊಗಳುವ ಚಾಳಿ ನನಗಿಲ್ಲ. ಒಳ್ಳೆಯ ಅಂಕಣವಿದ್ದಿದ್ದರೆ ಹುಡುಗರು ಇನ್ನೂ ಚೆನ್ನಾಗಿ ಆಡುತ್ತಿದ್ದರೋ ಏನೋ. ಆದರೆ ಹರ್ಲಿ ಕಲಿಸಿದ ಆಟಕ್ಕೆ ದೊಡ್ಡ ಜಾಗ ಬೇಕಿರಲಿಲ್ಲ ಎಂಬುದು ನಿಜ. ಅವರ ತಂಡದ ಜೀವಾಳ ರಕ್ಷಣೆ. ಒಬ್ಬ ಎದುರಾಳಿಗೆ ಒಬ್ಬ, ಅವನ ಕಾಲು ಹೋದಲ್ಲೆಲ್ಲ ಇವನ ಕಾಲು. ಚೆಂಡು ಯಾರ ಕೈಯಲ್ಲಿದೆಯೋ ಅವನಿಗೆ ಉಸಿರಾಡಲು ಬಿಡಬಾರದು, ಕೈಯಲ್ಲಿ ಇಲ್ಲದವನಿಗೆ ಚೆಂಡು ತಲುಪಲು ಬಿಡಬಾರದು. ನೋಡಲು ಚೆಂದದ ಆಟ ಅಲ್ಲ. ಎದುರು ತಂಡ ಅಂಕ ಗಳಿಸುವುದು ನಿಂತುಹೋಗುತ್ತದೆ, ಅಷ್ಟೆ. ಎಲ್ಲ ಹುಡುಗರಿಗೂ ಎತ್ತರ ಇರುವುದಿಲ್ಲ, ಗುರಿ ಇರುವುದಿಲ್ಲ. ಕಾಲು ಮತ್ತು ಹಟ ಎಲ್ಲರಿಗೂ ಇರುತ್ತದೆ. ಇಲ್ಲಿ ಕೂತಿರುವ ಪಿ.ಟಿ. ಮೇಷ್ಟ್ರುಗಳಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

1989ರ ತಂಡ 32 ಪಂದ್ಯ ಆಡಿ 32ನ್ನೂ ಗೆದ್ದಿತು. ಅದರಲ್ಲಿ ಹರ್ಲಿಯವರ ಹಿರಿಯ ಮಗ ಬಾಬಿ ಇದ್ದ, ಟೆರ್ರಿ ಡೆಹೆರ್ ಇದ್ದ. ಬಾಬಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋಗಿ 1991 ಮತ್ತು 1992ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದ ತಂಡದಲ್ಲಿ ಆಡಿದ. 1993ರಲ್ಲಿ ವೃತ್ತಿಪರ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿದಾಗ ಬಾಬಿ ಏಳನೆಯವನು, ಡೆಹೆರ್ ಹದಿಮೂರನೆಯವನು. ಅಂಕಣವಿಲ್ಲದ ಒಂದು ಚಿಕ್ಕ ಶಾಲೆಯ ಒಂದೇ ತಂಡದಿಂದ ಇಬ್ಬರು. ಕಿರಿಯ ಮಗ ಡ್ಯಾನ್ ಕೂಡ ಅಪ್ಪನ ಕೈಯಲ್ಲೇ ಆಡಿದವನು. 2023 ಮತ್ತು 2024ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡವನ್ನು ಸತತ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಮಾಡಿದ ತರಬೇತುದಾರ ಇವನೇ. ಅಪ್ಪನಿಗೆ ಬ್ಯಾಸ್ಕೆಟ್‌ಬಾಲಿನ ಅತಿ ದೊಡ್ಡ ಗೌರವವಾದ ನೈಸ್ಮಿತ್ ಹಾಲ್ ಆಫ್ ಫೇಮ್ 2010ರಲ್ಲಿ ಬಂತು. ಅದೇ ವರ್ಷ ಆ ಗೌರವ ಪಡೆದವರಲ್ಲಿ ಎನ್‌ಬಿಎ ತಾರೆಗಳಾದ ಸ್ಕಾಟಿ ಪಿಪ್ಪೆನ್, ಕಾರ್ಲ್ ಮಲೋನ್ ಇದ್ದರು. ಹೈಸ್ಕೂಲು ಮೇಷ್ಟ್ರುಗಳಿಗೆ ಆ ಸಾಲಿನಲ್ಲಿ ಜಾಗ ಸಿಗುವುದು ಬಹಳ ಅಪರೂಪ.

ಒಂದು ಪಂದ್ಯವನ್ನು ಮಾತ್ರ ಬಿಡಿಸಿ ಹೇಳುತ್ತೇನೆ. 2011ರ ಮಾರ್ಚ್ 9, ರಟ್ಗರ್ಸ್ ವಿಶ್ವವಿದ್ಯಾಲಯದ ಕ್ರೀಡಾಂಗಣ. ಸೇಂಟ್ ಆಂಥನಿಯ ಎದುರು ಎಲಿಜಬೆತ್ ಊರಿನ ಸೇಂಟ್ ಪ್ಯಾಟ್ರಿಕ್. ಅದೂ ಬಡ ಕ್ಯಾಥೊಲಿಕ್ ಹೈಸ್ಕೂಲೇ. ಇಬ್ಬರೂ ಆ ವರ್ಷ ಸೋತಿರಲಿಲ್ಲ, ದೇಶದ ಪಟ್ಟಿಯ ತುದಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ನಿಂತಿದ್ದರು. ಎಚ್‌ಬಿಒ ವಾಹಿನಿ ಋತುವಿನುದ್ದಕ್ಕೂ ಸೇಂಟ್ ಪ್ಯಾಟ್ರಿಕ್ ತಂಡದ ಹಿಂದೆ ಕ್ಯಾಮೆರಾ ಹಿಡಿದು ತಿರುಗಿತ್ತು. ಇದು ರಾಜ್ಯದ ಫೈನಲ್ ಕೂಡ ಅಲ್ಲ, ಖಾಸಗಿ ಶಾಲೆಗಳ ಒಂದು ವಿಭಾಗದ ಫೈನಲ್. ಆದರೂ ಜನ ಕಿಕ್ಕಿರಿದಿದ್ದರು. ಸೇಂಟ್ ಪ್ಯಾಟ್ರಿಕ್‌ನಲ್ಲಿದ್ದ ಮೈಕೆಲ್ ಗಿಲ್‌ಕ್ರಿಸ್ಟ್ ಮುಂದಿನ ವರ್ಷವೇ ಎನ್‌ಬಿಎ ಆಯ್ಕೆಯಲ್ಲಿ ಎರಡನೆಯವನಾಗಿ ಹೋದ ಹುಡುಗ. ಮೂವತ್ತೆರಡು ನಿಮಿಷದ ಆಟದಲ್ಲಿ ಅಂಥ ತಂಡಕ್ಕೆ ಸಿಕ್ಕದ್ದು 45 ಅಂಕ. ಸೇಂಟ್ ಆಂಥನಿಗೆ 62. ಬಿಂಗೊ ಹಾಲಿನ ರಕ್ಷಣೆ ಎಂದರೆ ಏನೆಂದು ಆವತ್ತು ಎಲ್ಲರಿಗೂ ಗೊತ್ತಾಯಿತು.

ಆ ರಾತ್ರಿ ಆಡಿದ ಎರಡು ಶಾಲೆಗಳೂ ಇವತ್ತು ಇಲ್ಲ. ಸೇಂಟ್ ಪ್ಯಾಟ್ರಿಕ್ ಮುಂದಿನ ವರ್ಷವೇ, 2012ರಲ್ಲಿ, ಮುಚ್ಚಿತು. ಪೋಷಕರು ಸೇರಿ ಧರ್ಮಪ್ರಾಂತ್ಯದಿಂದ ಹೊರಗೆ, ಪ್ಯಾಟ್ರಿಕ್ ಸ್ಕೂಲ್ ಎಂಬ ಹೆಸರಿನಲ್ಲಿ, ಬೇರೆ ಶಾಲೆ ಮಾಡಿಕೊಂಡರು.

ಹೆಸರಾದ ತಂಡವಿದ್ದ ಶಾಲೆ ಮುಚ್ಚುವುದು ಹೊಸದೂ ಅಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ ಕರೀಂ ಅಬ್ದುಲ್ ಜಬ್ಬಾರ್ ಹೆಸರು ಕೇಳಿದ್ದೀರಿ. ಹುಡುಗನಾಗಿದ್ದಾಗ ಲೂ ಅಲ್ಸಿಂಡರ್ ಎಂಬ ಹೆಸರಿನಲ್ಲಿ ಅವನು ಓದಿದ್ದು ನ್ಯೂಯಾರ್ಕಿನ ಪವರ್ ಮೆಮೊರಿಯಲ್ ಎಂಬ ಕ್ಯಾಥೊಲಿಕ್ ಶಾಲೆಯಲ್ಲಿ. ಏಳಡಿಯ ಆ ಹುಡುಗನಿಂದಾಗಿ ಶಾಲೆ ಸತತ 71 ಪಂದ್ಯ ಗೆದ್ದಿತ್ತು. 1965ರ ಜನವರಿ 30ರಂದು ಅದನ್ನು ಮುರಿದದ್ದು ಇನ್ನೊಂದು ಕ್ಯಾಥೊಲಿಕ್ ಶಾಲೆ, ಮೇರಿಲ್ಯಾಂಡಿನ ಡಿಮಾತಾ, 46-43. ಡಿಮಾತಾದ ತರಬೇತುದಾರ ಮಾರ್ಗನ್ ವೂಟನ್ ಅಭ್ಯಾಸದ ಹೊತ್ತಿನಲ್ಲಿ ತನ್ನ ಹುಡುಗರ ಎದುರು ಟೆನಿಸ್ ರ‍್ಯಾಕೆಟ್ ಎತ್ತಿ ಹಿಡಿಸುತ್ತಿದ್ದರಂತೆ, ಅಲ್ಸಿಂಡರನ ಕೈ ಎಲ್ಲಿಯವರೆಗೆ ಬರುತ್ತದೆಂದು ಅಂದಾಜಾಗಲಿ ಎಂದು. ರ‍್ಯಾಕೆಟಿನ ಮೇಲಿಂದ ಚೆಂಡು ಹಾಕಲು ಕಲಿತವನಿಗೆ ಅಲ್ಸಿಂಡರನ ಕೈ ಹೊಸದಲ್ಲ. ಶಾಲಾ ಬ್ಯಾಸ್ಕೆಟ್‌ಬಾಲಿನಲ್ಲಿ ಇಷ್ಟು ಹೆಸರಾದ ಪಂದ್ಯ ಇನ್ನೊಂದಿಲ್ಲ. ಡಿಮಾತಾ ಈಗಲೂ ಇದೆ. ಪವರ್ ಮೆಮೊರಿಯಲ್ 1984ರಲ್ಲಿ ಮುಚ್ಚಿತು. ಲಿಂಕನ್ ಸೆಂಟರ್ ಎಂಬ ಕಲಾಕೇಂದ್ರಕ್ಕೆ ಅಂಟಿಕೊಂಡ ಜಾಗ ಅದು. ಶಾಲೆಗಿಂತ ಜಾಗಕ್ಕೆ ಬೆಲೆ ಹೆಚ್ಚಾಗಿತ್ತು.

ಈ ಶಾಲೆಗಳ ಮೇಲೆ ಒಂದು ಆಕ್ಷೇಪ ಇದೆ, ಅದನ್ನು ಮುಚ್ಚಿಡಬಾರದು. ಸರ್ಕಾರಿ ಶಾಲೆ ತನ್ನ ಬಡಾವಣೆಯ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳಬೇಕು. ಕ್ಯಾಥೊಲಿಕ್ ಶಾಲೆಗೆ ಎಲ್ಲಿಂದಲಾದರೂ ಬರಬಹುದು. ಎತ್ತರದ ಹುಡುಗರನ್ನು ಹೆಕ್ಕಿ ತಂದು ಗೆದ್ದರೆ ಅದೇನು ದೊಡ್ಡಸ್ತಿಕೆ ಎಂದು ಸರ್ಕಾರಿ ಶಾಲೆಯ ತರಬೇತುದಾರರು ವರ್ಷಾನುಗಟ್ಟಲೆ ಕೇಳಿದ್ದಾರೆ. ನ್ಯೂಜೆರ್ಸಿಯಲ್ಲಿ ಅದಕ್ಕೇ ಸಾರ್ವಜನಿಕ ಶಾಲೆಗಳಿಗೂ ಖಾಸಗಿ ಶಾಲೆಗಳಿಗೂ ಬೇರೆಬೇರೆ ರಾಜ್ಯ ಪಂದ್ಯಾವಳಿ. 1989ರಿಂದ 2022ರವರೆಗೆ ಎಲ್ಲ ವಿಭಾಗಗಳ ವಿಜೇತರನ್ನೂ ಸೇರಿಸಿ ಇನ್ನೊಂದು ಪಂದ್ಯಾವಳಿ ಇಟ್ಟರು. ಮೊದಲ ವರ್ಷ ಅದನ್ನು ಗೆದ್ದದ್ದು ಸೇಂಟ್ ಆಂಥನಿಯೇ. ನನ್ನ ಮಟ್ಟಿಗೆ ಆ ಆಕ್ಷೇಪದಲ್ಲಿ ಹುರುಳಿದೆ. ಹರ್ಲಿಯವರ ಹೆಸರು ಕೇಳಿಯೇ ಹುಡುಗರು ಬರುತ್ತಿದ್ದರು, ಅವರು ಬಂದದ್ದರಿಂದ ಊರಿನ ಸರ್ಕಾರಿ ಹೈಸ್ಕೂಲುಗಳ ತಂಡ ಸೊರಗಿತು. ನಮ್ಮಲ್ಲಿ ಕ್ರೀಡಾ ಹಾಸ್ಟೆಲಿಗೆ ಹುಡುಗ ಆಯ್ಕೆಯಾಗಿ ಹೋದರೆ ಹಳ್ಳಿಯ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಖುಷಿ ಮತ್ತು ಸಂಕಟ ಒಟ್ಟಿಗೇ ಆಗುತ್ತದಲ್ಲ, ಜೆರ್ಸಿ ಸಿಟಿಯ ಸರ್ಕಾರಿ ಶಾಲೆಗಳವರಿಗೂ ಅದೇ ಆಗಿರಬೇಕು. ಕೊನೆಗೆ ಸೇಂಟ್ ಆಂಥನಿಗೂ ಅದೇ ಗತಿ ಬಂತು. ಫ್ಲಾರಿಡಾ, ವರ್ಜೀನಿಯಾಗಳ ವಸತಿ ಶಾಲೆಗಳು ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಸೆಳೆಯತೊಡಗಿದವು. ಸೇಂಟ್ ಪ್ಯಾಟ್ರಿಕ್‌ನ ತರಬೇತುದಾರರೇ 2011ರಲ್ಲಿ ಫ್ಲಾರಿಡಾದ ಅಂಥದ್ದೊಂದು ಶಾಲೆಗೆ ಹೋದರು.

ಇನ್ನು ದುಡ್ಡಿನ ಮಾತು. ಕೊನೆಯ ದಶಕದಲ್ಲಿ ಸೇಂಟ್ ಆಂಥನಿಯಲ್ಲಿ ಇನ್ನೂರರ ಆಸುಪಾಸು ಮಕ್ಕಳು. ಫೀಸಿನಿಂದ ಖರ್ಚಿನ ಒಂದು ಪಾಲು ಮಾತ್ರ ಹುಟ್ಟುತ್ತಿತ್ತು. ಉಳಿದದ್ದನ್ನು ದಾನ ಎತ್ತಿ ತುಂಬಬೇಕು. ಎತ್ತುವವರು ಯಾರು? ಸಿಸ್ಟರ್ ಫೆಲಿಷಿಯಾ ಮತ್ತು ಸಿಸ್ಟರ್ ಆಲನ್ ಎಂಬ ಇಬ್ಬರು ಸಿಸ್ಟರುಗಳು ಬಹಳ ವರ್ಷ ಶಾಲೆಯ ಬೆನ್ನೆಲುಬಾಗಿದ್ದರು. ಅವರ ಜೊತೆಗೆ ಬ್ಯಾಸ್ಕೆಟ್‌ಬಾಲ್ ಮೇಷ್ಟ್ರು. ಹರ್ಲಿ ಊರೂರಿಗೆ ಹೋಗಿ ತರಬೇತಿ ಶಿಬಿರ ನಡೆಸಿದರು, ಭಾಷಣ ಮಾಡಿದರು, ಶ್ರೀಮಂತರ ಊಟದ ಮೇಜಿನಲ್ಲಿ ಕೂತು ಶಾಲೆಗೆ ಕೇಳಿದರು. ತಂಡದ ಮೇಲೆ ಪುಸ್ತಕ ಬಂತು, ಚಿತ್ರ ಬಂತು, ಟಿ.ವಿ.ಯಲ್ಲಿ ಬಂತು. ಪ್ರತಿ ಸಲವೂ ಒಂದಿಷ್ಟು ಚೆಕ್ಕು ಬಂದವು. ಕೊನೆಕೊನೆಗೆ ಶಾಲೆಯ ಅಧ್ಯಕ್ಷ ಪದವಿಯ ಹೊಣೆಯೂ ಅವರ ಹೆಗಲಿಗೇ ಬಿತ್ತು. ನಾನು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದು. ಶಾಲೆಯನ್ನು ಮೊದಲು ಹೊತ್ತದ್ದು ಸಿಸ್ಟರುಗಳ ಸಂಬಳವಿಲ್ಲದ ದುಡಿಮೆ. ಅದು ಕರಗುತ್ತ ಬಂದಂತೆ ಆ ಜಾಗದಲ್ಲಿ ನಿಂತದ್ದು ಬ್ಯಾಸ್ಕೆಟ್‌ಬಾಲ್. ಆಟ ಇಲ್ಲದೆ ಹೋಗಿದ್ದರೆ ಅಕ್ಕಪಕ್ಕದ ಎಷ್ಟೋ ಧರ್ಮಕೇಂದ್ರಗಳ ಶಾಲೆಗಳಂತೆ ಇದೂ ಯಾರಿಗೂ ಗೊತ್ತಾಗದೆ ಎಂದೋ ಮುಚ್ಚಿರುತ್ತಿತ್ತು. ತಂಡ ಶಾಲೆಯನ್ನು ಉಳಿಸಲಾರದೆ ಹೋಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಲವು ವರ್ಷ ಉಳಿಸಿತು. ಪ್ರತಿ ವರ್ಷವೂ ಹೊಸದಾಗಿ ಉಳಿಸಬೇಕಾಗಿ ಬಂದದ್ದೇ ತೊಂದರೆ.

ಒಂದು ಲೆಕ್ಕ ಹಾಕಿ ನೋಡಿ. ಶಾಲೆಯೊಂದಕ್ಕೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊರತೆ ಬೀಳುತ್ತದೆ ಎಂದುಕೊಳ್ಳೋಣ. ನೂರಕ್ಕೆ ಐದು ಬಡ್ಡಿ ಹಿಡಿದರೆ ಎರಡು ಕೋಟಿ ಡಾಲರಿನ ಇಡುಗಂಟು ಇದ್ದರೆ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಶ್ರೀಮಂತ ಕ್ಯಾಥೊಲಿಕ್ ಶಾಲೆಗಳಿಗೆ ಅಂಥ ಮೂಲಧನ ಇದೆ, ಹಳೆಯ ವಿದ್ಯಾರ್ಥಿಗಳು ವಕೀಲರೂ ಬ್ಯಾಂಕಿನವರೂ ಆಗಿ ಕೊಡುತ್ತ ಬಂದಿದ್ದಾರೆ. ಸೇಂಟ್ ಆಂಥನಿಯ ಹಳೆಯ ವಿದ್ಯಾರ್ಥಿಗಳು ಹೆಚ್ಚಿನವರು ಮನೆಯಲ್ಲಿ ಮೊದಲ ಸಲ ಕಾಲೇಜಿಗೆ ಹೋದವರು. ಎನ್‌ಬಿಎ ಸೇರಿದವರು ಬೆರಳೆಣಿಕೆ. ಇವತ್ತಿನ ಈ ಉಪನ್ಯಾಸ ನಡೆಯುತ್ತಿರುವುದು ಬ್ಯಾಂಕಿನಲ್ಲಿಟ್ಟ ಒಂದು ಸಣ್ಣ ಮೊತ್ತದ ಬಡ್ಡಿಯಿಂದ. ಅಸಲನ್ನು ಮುಟ್ಟುವಂತಿಲ್ಲ, ಹಾಗಾಗಿ ನನ್ನಂಥವರು ಬಂದು ಏನೇ ಮಾತಾಡಿ ಹೋದರೂ ಮುಂದಿನ ವರ್ಷವೂ ಉಪನ್ಯಾಸ ಇರುತ್ತದೆ. ಆ ಶಾಲೆಗೆ ಇಷ್ಟು ಭದ್ರತೆ ಒಂದು ವರ್ಷವೂ ಸಿಗಲಿಲ್ಲ.

ಅತ್ತ ಊರು ಬದಲಾಗಿತ್ತು. 1990ರ ದಶಕದ ಕೊನೆಯಿಂದ ನ್ಯೂಜೆರ್ಸಿಯಲ್ಲಿ ಚಾರ್ಟರ್ ಶಾಲೆಗಳು ತೆರೆದವು. ಸರ್ಕಾರದ ಹಣ, ಖಾಸಗಿ ಆಡಳಿತ, ಫೀಸಿಲ್ಲ. ಸರ್ಕಾರಿ ಶಾಲೆ ಬೇಡ ಎಂದು ಕಷ್ಟಪಟ್ಟು ಫೀಸು ಕಟ್ಟುತ್ತಿದ್ದ ತಾಯಿಗೆ ಪುಕ್ಕಟೆ ಇನ್ನೊಂದು ದಾರಿ ಕಂಡಿತು. ನದಿಯ ದಡದಲ್ಲಿ ರೈಲ್ವೆ ಯಾರ್ಡುಗಳು ಹೋಗಿ ಗಾಜಿನ ಗೋಪುರಗಳು ಎದ್ದವು. 2004ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ 42 ಅಂತಸ್ತಿನ ಕಟ್ಟಡ ಕಟ್ಟಿತು. ನಮ್ಮ ಮಕ್ಕಳು ಕೆಲಸ ಮಾಡುವ ಜೆರ್ಸಿ ಸಿಟಿ ಈ ಹೊಸದು. ಬಾಡಿಗೆ ಏರಿತು, ಸೇಂಟ್ ಆಂಥನಿಗೆ ಮಕ್ಕಳನ್ನು ಕಳಿಸುವಂಥ ಮನೆಗಳು ಆ ಬೀದಿಗಳಿಂದ ಜಾಗ ಖಾಲಿ ಮಾಡಿದವು. 2017ರ ಏಪ್ರಿಲ್ 5ರಂದು, ಋತು ಮುಗಿದ ಮೇಲೆ, ಮುಚ್ಚುವ ನಿರ್ಧಾರ ಪ್ರಕಟವಾಯಿತು. ಹರ್ಲಿಯವರ ಲೆಕ್ಕದಲ್ಲಿ ಆಗ 1,180ಕ್ಕೂ ಹೆಚ್ಚು ಗೆಲುವುಗಳಿದ್ದವು. ಅದೇ ವರ್ಷ ವೈಟ್ ಈಗಲ್ ಹಾಲ್ ದುರಸ್ತಿಯಾಗಿ, ಥಳಥಳಿಸುವ ಸಂಗೀತ ಸಭಾಂಗಣವಾಗಿ ಮತ್ತೆ ತೆರೆಯಿತು.

ಶಾಲೆ ಮುಚ್ಚದೆ ಉಳಿಯಲು ಬೇರೆ ದಾರಿ ಇರಲಿಲ್ಲವೇ ಎಂದು ಕೇಳಿದರೆ, ಅಲ್ಲಿಂದ ಕೆಲವೇ ಮೈಲಿ ದೂರದ ನ್ಯೂವಾರ್ಕ್ ನಗರದ ಸೇಂಟ್ ಬೆನೆಡಿಕ್ಟ್ಸ್ ಶಾಲೆಯನ್ನು ನೋಡಬೇಕು. 1868ರಷ್ಟು ಹಳೆಯದು, ಬೆನೆಡಿಕ್ಟೈನ್ ಸನ್ಯಾಸಿಗಳದು. 1967ರಲ್ಲಿ ಆ ನಗರದಲ್ಲಾದ ಜನಾಂಗೀಯ ದೊಂಬಿಯ ನಂತರ ಬಿಳಿಯರು ನ್ಯೂವಾರ್ಕ್ ಬಿಟ್ಟು ಹೊರಟರು, ಸನ್ಯಾಸಿಗಳಲ್ಲೂ ಒಡಕಾಗಿ ಕೆಲವರು ಹೊರಟರು, 1972ರಲ್ಲಿ ಶಾಲೆ ಮುಚ್ಚಿತು. ಉಳಿದ ಕೆಲವರು ಮರುವರ್ಷವೇ ಅದನ್ನು ಮತ್ತೆ ತೆರೆದರು. ಮುಂದೆ ನಿಂತವರು ಇನ್ನೂ ಮೂವತ್ತು ತುಂಬದ ಫಾದರ್ ಎಡ್ವಿನ್ ಲೇಹಿ. ಕೆಲಸಗಾರರನ್ನು ಇಟ್ಟುಕೊಳ್ಳಲು ದುಡ್ಡಿರಲಿಲ್ಲ, ಹಾಗಾಗಿ ಶಾಲೆಯ ದಿನನಿತ್ಯದ ಆಡಳಿತದ ಎಷ್ಟೋ ಭಾಗವನ್ನು ಹುಡುಗರ ಕೈಗೇ ಕೊಟ್ಟರು. ಬೆಳಗಿನ ಸಭೆ, ಹಾಜರಿ, ತಪ್ಪಿಸಿಕೊಂಡವನ ಮನೆಗೆ ಹೋಗಿ ಕರೆತರುವುದು, ಎಲ್ಲ. ಹೊಸದಾಗಿ ಸೇರಿದ ಹುಡುಗರು ವರ್ಷದ ಕೊನೆಗೆ ಅಪಲೇಷಿಯನ್ ಬೆಟ್ಟದ ಹಾದಿಯಲ್ಲಿ ಸುಮಾರು ಐವತ್ತೈದು ಮೈಲಿ ಒಟ್ಟಾಗಿ ನಡೆಯಬೇಕು. ಕುಂಟುವವನನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಲ್ಲೂ ಬ್ಯಾಸ್ಕೆಟ್‌ಬಾಲ್ ಜೋರಾಗಿತ್ತು. ಡ್ಯಾನ್ ಹರ್ಲಿ 2001ರಿಂದ 2010ರವರೆಗೆ ತರಬೇತಿ ಕೊಟ್ಟದ್ದು ಅಲ್ಲಿಯೇ. ಆದರೆ ಶಾಲೆಯ ಉಸಿರು ತಂಡದ ಮೇಲೆ ನಿಂತಿರಲಿಲ್ಲ. ಬೆನೆಡಿಕ್ಟೈನರು ಒಂದೇ ಮಠದಲ್ಲಿ ಕಡೆಯವರೆಗೂ ಇರುತ್ತೇವೆಂದು ವ್ರತ ತೊಡುವವರು. ಅದಕ್ಕೆ ಶಾಲೆಯೂ ಉಳಿಯಿತು, ಹೇಳಿಕೊಳ್ಳುವಷ್ಟು ಮೂಲಧನವೂ ನಿಧಾನವಾಗಿ ಕೂಡಿತು.

ನನ್ನ ವೇಳೆ ಮುಗಿಯುತ್ತ ಬಂತು. ಸರ್ಕಾರದ ಸಂಬಳ ಇರುವುದರಿಂದ ನಮ್ಮ ಅನುದಾನಿತ ಶಾಲೆಗಳಿಗೆ ಸೇಂಟ್ ಆಂಥನಿಯ ಪಾಡು ಬಾರದು ಎಂದು ಬೆಳಿಗ್ಗೆ ಇಲ್ಲಿಗೆ ಬರುವ ದಾರಿಯಲ್ಲಿ ಒಬ್ಬರು ಹೇಳಿದರು. ಸಂಬಳ ಇರುವುದು ಹುದ್ದೆಯಲ್ಲಿ ಮನುಷ್ಯ ಇರುವವರೆಗೆ. ನಿವೃತ್ತರಾದವರ ಜಾಗಕ್ಕೆ ಹೊಸಬರ ನೇಮಕ ಆಗದೆ ವರ್ಷಗಟ್ಟಲೆ ಖಾಲಿ ಬಿದ್ದ ಪಿ.ಟಿ. ಹುದ್ದೆಗಳಿರುವ ಶಾಲೆಗಳ ಮುಖ್ಯೋಪಾಧ್ಯಾಯರು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ಆಟದ ಪಿರಿಯಡ್ಡನ್ನು ನೀವು ಈಗ ಯಾರಿಂದ, ಹೇಗೆ ನಡೆಸುತ್ತಿದ್ದೀರಿ, ಅದರ ಖರ್ಚು ಎಲ್ಲಿಂದ ಬರುತ್ತಿದೆ ಎಂಬುದನ್ನು ಚರ್ಚೆಯ ಹೊತ್ತಿನಲ್ಲಿ ನಿಮ್ಮ ಬಾಯಿಂದಲೇ ಕೇಳಬೇಕು. ಅಧ್ಯಕ್ಷರು ಅನುಮತಿ ಕೊಟ್ಟರೆ ಅಲ್ಲಿಂದಲೇ ಆರಂಭಿಸೋಣ.